ಗುಟ್ಟಿನ ಸಕ್ಕರೆ, ಸಂಕ್ರಾಂತಿಯ ಅಚ್ಚು

ಟಿಪ್ಪು ಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಹೊಲ, ಮಗ್ಗ, ಗಾಣ ಒಂದನ್ನೂ ಬಿಡದೆ ನೋಡುತ್ತ ಮೈಸೂರು ಸೀಮೆ ಸುತ್ತಿದ. ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆ ಚೀನಾದ್ದಕ್ಕೆ ಸರಿಸಮ ಎಂದು ಬರೆದುಕೊಂಡ. ಅಲ್ಲಿನ ಸಕ್ಕರೆಯೂ ಬಲು ಬೆಳ್ಳಗೆ, ನಯವಾಗಿತ್ತಂತೆ. ಈ ವಿದ್ಯೆಯನ್ನು ಶ್ರೀರಂಗಪಟ್ಟಣಕ್ಕೆ ತಂದವನು ಸುಲ್ತಾನ. ಆದರೆ ಅದು ಗುಟ್ಟಾಗಿಯೇ ಇತ್ತು. ಇಬ್ಬರು ಬ್ರಾಹ್ಮಣರು ಹೇಗೋ ತಿಳಿದುಕೊಂಡು ಚಿಕ್ಕಬಳ್ಳಾಪುರದಲ್ಲಿ ಒಲೆ ಹೂಡಿದರು. 

ಸಂಕ್ರಾಂತಿ ಹತ್ತಿರ ಬಂದಾಗಲೆಲ್ಲ ನನಗೆ ಆ ಒಲೆ ನೆನಪಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಎಳ್ಳು ಬೀರುವ ತಟ್ಟೆಯಲ್ಲಿ ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿಹಣ್ಣಿನ ಜೊತೆಗೆ ಇಡುವ ಸಕ್ಕರೆ ಅಚ್ಚು ಅನಾದಿ ಕಾಲದ್ದೆಂದು ನಾವೆಲ್ಲ ನಂಬಿದ್ದೇವೆ. ಎಳ್ಳು, ಬೆಲ್ಲ, ಕೊಬ್ಬರಿ ಹಳೆಯವೇ ಇರಬೇಕು, ಎಲ್ಲ ಇಲ್ಲಿಯ ಮಣ್ಣಿನವು. ಬಿಳಿ ಸಕ್ಕರೆಯೇ ಗುಟ್ಟಾಗಿದ್ದ ಕಾಲದಲ್ಲಿ ಮನೆಮನೆಯಲ್ಲೂ ಅಚ್ಚು ಹೊಯ್ದಿರಲಾರರು. 1847ರಲ್ಲಿ ಪಾಲಹಳ್ಳಿಯ ಅಷ್ಟಗ್ರಾಮ ಕಾರ್ಖಾನೆ ರೈತರ ಬೆಲ್ಲದಿಂದ ಸಕ್ಕರೆ ತೆಗೆಯತೊಡಗಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಬಂತು. ಸಕ್ಕರೆ ಅಡುಗೆಮನೆಯ ಡಬ್ಬಿಗೆ ಇಳಿದ ಮೇಲೆಯೇ ಅಚ್ಚು ಹೀಗೆ ಹಬ್ಬಿತು ಎಂಬುದು ನನ್ನ ಎಣಿಕೆ.

ಚೀನಾದ ಮಾತು ಬಂತಲ್ಲ, ಸಕ್ಕರೆ ಮಾಡುವುದನ್ನು ಕಲಿತು ಬರಲು ತಾಂಗ್ ದೊರೆ ತೈಜಾಂಗ್ 647ರ ಹೊತ್ತಿಗೆ ಮಗಧಕ್ಕೆ ಜನ ಕಳಿಸಿದ್ದ. ಅವರು ಅದರಲ್ಲಿ ಎಷ್ಟು ಪಳಗಿದರೆಂದರೆ, ಸಾವಿರ ವರ್ಷದ ಮೇಲೆ ನಮ್ಮ ಕಲ್ಲುಸಕ್ಕರೆಗೆ ಅವರದೇ ಅಳತೆಗೋಲಾಯಿತು. ಅವರ ಶರತ್ಕಾಲದ ಹುಣ್ಣಿಮೆಯ ಮೂನ್‌ಕೇಕ್ ಕೂಡ ಕೆತ್ತನೆಯ ಮರದ ಅಚ್ಚಿನಲ್ಲೇ ರೂಪ ಪಡೆದು ನೆಂಟರ ಮನೆಗೆ ಹೋಗುತ್ತಿದ್ದ ತಿನಿಸು.

ನಮ್ಮ ಅಚ್ಚಿಗೆ ಕೈ ಪಳಗಿರಬೇಕು. ಮರದ ಅಚ್ಚನ್ನು ಮೊದಲು ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಕುದಿಯುವ ಪಾಕಕ್ಕೆ ಒಂದಿಷ್ಟು ಹಾಲು ಬಿಟ್ಟರೆ ಕೊಳೆಯೆಲ್ಲ ಮೇಲೆ ತೇಲುತ್ತದೆ. ತೆಗೆದು, ಬಟ್ಟೆಯಲ್ಲಿ ಸೋಸಬೇಕು. ಬಳಿಕ ಸ್ವಲ್ಪ ಸ್ವಲ್ಪವೇ ಪಾಕವನ್ನು ಪುಟ್ಟ ಪಾತ್ರೆಯಲ್ಲಿ ಕಾಯಿಸಿ, ಸೌಟಿನಿಂದ ಅಂಚಿಗೆ ಉಜ್ಜುತ್ತ ಹೋದರೆ ತಿಳಿಯಾಗಿದ್ದದ್ದು ಬೆಳ್ಳಗೆ ತಿರುಗುತ್ತದೆ. ಹೊಯ್ಯಬೇಕಾದದ್ದು ಆಗಲೇ. ಮೊದಲಾದರೆ ಗಟ್ಟಿಯಾಗದು, ತಡವಾದರೆ ಪಾತ್ರೆಯಲ್ಲೇ ಹರಳುಗಟ್ಟುತ್ತದೆ. ಅಚ್ಚಿಗೆ ಕಟ್ಟಿದ ದಾರ ಬಿಚ್ಚಿ ಅದರ ಎರಡು ಹೋಳು ಬಿಡಿಸಿದಾಗ ತುಳಸಿಕಟ್ಟೆ, ಗೋಪುರ, ಆನೆ ಒಂದೊಂದೇ ಹೊರಬರುತ್ತವೆ. ಗಿಳಿಯ ಕೊಕ್ಕು ಮುರಿಯದೆ ಬಂದರೆ ಅತ್ತೆ ಸೊಸೆ ಇಬ್ಬರಿಗೂ ಹಿಗ್ಗು. ಸುಲ್ತಾನನ ಕಾಲದಲ್ಲಿ ಮುಚ್ಚಿಟ್ಟಿದ್ದ ಸಕ್ಕರೆಯ ಕೆಲಸವನ್ನು ಈ ಹೆಂಗಸರು ಪಕ್ಕದ ಮನೆಯವರನ್ನು ಕೂಗಿ ಕರೆದು ಕಲಿಸಿದರು.

ಈಗ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲೇ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಸಕ್ಕರೆಗೆ ಬರವಿಲ್ಲ. ಆದರೂ ಪೇಟೆಯ ಪೊಟ್ಟಣದ ಅಚ್ಚು ತಟ್ಟೆಗೆ ಬರುತ್ತಿದೆ; ಅಜ್ಜಿಯರ ಮರದ ಅಚ್ಚುಗಳು ಹಳೆ ಸಾಮಾನಿನವರ ಪಾಲಾಗಿ, ಯಾರದೋ ಬೈಠಕ್‌ಖಾನೆಯ ಗೋಡೆಗೆ ಅಲಂಕಾರವಾಗುತ್ತಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರು ಕಾಣದೆ ಒಣಗಿದ ಮರ ಬಿರಿದು, ಸಂದಿನಲ್ಲಿ ಪಾಕ ಸೋರುತ್ತದೆ. ಅಚ್ಚು ಇನ್ನೂ ಅಟ್ಟದ ಮೇಲಿದ್ದರೆ ಮಾರ್ಗಶಿರದಲ್ಲೇ ಇಳಿಸಿ ನೋಡಿ. ಹೋಳುಗಳು ಸರಿಯಾಗಿ ಕೂರದಿದ್ದರೆ ಹಬ್ಬಕ್ಕೆ ಮುಂಚೆ ಬಡಗಿಗೆ ತೋರಿಸಲು ಸಮಯವಿರುತ್ತದೆ.