ಕಠಾರಿ ಹಿಡಿದ ಕೂಸು, ವೈಟ್‌ಫೀಲ್ಡ್ ಕೊಟ್ಟ ದತ್ತುಮಗ

ಮೈಸೂರಿನ ಒಡೆಯರಿಗೆ ಗಂಡುಸಂತಾನ ಇಲ್ಲವಾದಾಗ ಹಲವು ಬಾರಿ ಪಟ್ಟಕ್ಕೆ ಹುಡುಗ ಬರುತ್ತಿದ್ದುದು ಅರಸು ಮನೆತನಗಳಿಂದ. ಅರಮನೆಯೊಂದಿಗೆ ಹೆಣ್ಣು ಕೊಟ್ಟು ತರುವ ಬಳಗವದು. ಹುಡುಗನನ್ನು ಆರಿಸುತ್ತಿದ್ದವರು ಮಾತ್ರ ಕಾಲಕ್ಕೊಬ್ಬರು. 1734ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ದತ್ತುಮಗನಾಗಿ ಪಟ್ಟಕ್ಕೆ ಬಂದಾಗ ಆಡಳಿತದ ಲಗಾಮು ದಳವಾಯಿಗಳ ಕೈಯಲ್ಲಿತ್ತು. 1761ರ ಹೊತ್ತಿಗೆ ಅದು ಹೈದರಾಲಿಯ ವಶವಾಯಿತು.

1776ರಲ್ಲಿ ಬೆಟ್ಟದ ಚಾಮರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡರು. ಆಗ ನಡೆದದ್ದನ್ನು ಮುಂದೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಹೈದರ್ ಅರಸು ಮನೆಗಳ ಮಕ್ಕಳನ್ನೆಲ್ಲ ಒಂದು ಸಭಾಂಗಣಕ್ಕೆ ಕರೆಸಿದ. ನೆಲದ ತುಂಬ ಹಣ್ಣು, ಮಿಠಾಯಿ, ಹೂವು, ಆಟಿಕೆ, ಹಣದ ಚೀಲ ಹರಡಿಸಿದ. ಮಕ್ಕಳು ತಿಂಡಿಗೆ, ಗೊಂಬೆಗೆ ಮುಗಿಬಿದ್ದರು. ಒಂದು ಕೂಸು ಮಾತ್ರ ಬಲಗೈಯಲ್ಲಿ ಥಳಥಳಿಸುವ ಪುಟ್ಟ ಕಠಾರಿ, ಎಡಗೈಯಲ್ಲಿ ನಿಂಬೆಹಣ್ಣು ಹಿಡಿದು ನಿಂತಿತು. ಇವನೇ ರಾಜ ಎಂದು ಹೈದರ್ ತೀರ್ಮಾನಿಸಿದ. ಅನ್ನಪ್ರಾಶನದ ದಿನ ಮಗುವಿನ ಮುಂದೆ ಪುಸ್ತಕ, ಚಿನ್ನ ಇಟ್ಟು ನೋಡುವ ಮನೆಗಳು ಇಂದಿಗೂ ಇವೆ. ಇಲ್ಲಿ ಆ ಆಟಕ್ಕೆ ಪಣವಾಗಿದ್ದುದು ಒಂದು ಸಿಂಹಾಸನ. ರಾಜಯೋಗ ಯಾವ ಕೂಸಿಗೆ ಒಲಿದರೂ ಅಧಿಕಾರ ಹೈದರನದೇ ಆಗಿತ್ತೆಂಬುದನ್ನು ಮರೆತರಷ್ಟೇ ಈ ಕತೆ ಮುದ್ದಾಗಿ ಕಾಣುತ್ತದೆ.

ಹಾಗೆ ಬಂದವರೇ ಖಾಸಾ ಚಾಮರಾಜ ಒಡೆಯರು. ಅವರು 1796ರಲ್ಲಿ ತೀರಿಕೊಂಡಾಗ ಹೈದರನ ಮಗ ಟಿಪ್ಪು ಮತ್ತೊಬ್ಬರಿಗೆ ಪಟ್ಟ ಕಟ್ಟಲಿಲ್ಲ. ಎಳೆಯ ಮಗ ಬಡ ಮನೆಯೊಂದರಲ್ಲಿ ಬೆಳೆದ. ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರ ಜೂನ್ 30ರಂದು ಬ್ರಿಟಿಷರು ಐದು ವರ್ಷದ ಆ ಬಾಲಕನನ್ನೇ ಗದ್ದುಗೆಗೇರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಇಮ್ಮಡಿಯವರ ರಾಣಿ ಲಕ್ಷ್ಮಮ್ಮಣ್ಣಿಯವರ ಆಸರೆಯಲ್ಲಿ ಅರಸ ಬೆಳೆಯುತ್ತಿರುವಾಗ ರಾಜ್ಯ ನೋಡಿಕೊಂಡವರು ದಿವಾನ್ ಪೂರ್ಣಯ್ಯ. ದೊಡ್ಡವರಾದ ಮೇಲೆ ಮುಮ್ಮಡಿಯವರು ತಂದೆ ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು, ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನೂ ಕಟ್ಟಿಸಿದರು. ಕಠಾರಿ ಹಿಡಿದ ಕೂಸಿನ ಹೆಸರು ಹೀಗೆ ಒಂದು ಊರಾಗಿ ಉಳಿಯಿತು.

1831ರಲ್ಲಿ ಬ್ರಿಟಿಷರು ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡರು. ಪಟ್ಟದ ರಾಣಿಯರಿಗೆ ಗಂಡುಮಕ್ಕಳಿಲ್ಲದೆ, ಎಪ್ಪತ್ತರ ಹರೆಯದಲ್ಲಿ, 1865ರ ಜೂನ್ 18ರಂದು ಅವರು ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಕೂಸನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯ ಸರ್ಕಾರ ತಕರಾರು ತೆಗೆಯಿತು: ಸ್ವಂತ ಆಸ್ತಿಗೆ ದತ್ತು ನಡೆಯಬಹುದು, ರಾಜ್ಯಕ್ಕಲ್ಲ. ಮುದುಕ ದೊರೆ ಪಟ್ಟು ಬಿಡಲಿಲ್ಲ. 1867ರಲ್ಲಿ ಲಂಡನ್ ಮಣಿಯಿತು. ಮರುವರ್ಷವೇ ಮುಮ್ಮಡಿಯವರು ಕಣ್ಮುಚ್ಚಿದರು. ಅವರ ಇಡೀ ಬಾಳಿನ ದೊಡ್ಡ ಗೆಲುವು ಈ ದತ್ತೇ ಇರಬೇಕು.

ಮಗು ಚಾಮರಾಜೇಂದ್ರನನ್ನು ಬೆಳೆಸುವ ಹೊಣೆ ಕರ್ನಲ್ ಮ್ಯಾಲಿಸನ್ನನಿಗೆ ಬಿತ್ತು. 1881ರ ಮಾರ್ಚ್ 25ರಂದು, ಹದಿನೆಂಟರ ಹುಡುಗನ ಕೈಗೆ ಸಂಸ್ಥಾನ ಮರಳಿತು. 1882ರಲ್ಲಿ ಅವರು ಬೆಂಗಳೂರಿನ ಮೂಡಣ ಬಯಲಿನಲ್ಲಿ 3,900 ಎಕರೆಯನ್ನು ಡಿ.ಎಸ್. ವೈಟ್ ಕಟ್ಟಿದ ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟರು. ಆ ಬೇಸಾಯದ ವಸಾಹತೇ ವೈಟ್‌ಫೀಲ್ಡ್.

ದತ್ತಿನ ಕಟ್ಟಳೆ ಅರಮನೆಯಲ್ಲಿ ಇನ್ನೂ ನಿಂತಿಲ್ಲ: 2015ರ ಫೆಬ್ರುವರಿ 23ರಂದು ಪ್ರಮೋದಾದೇವಿ ಒಡೆಯರ್ ಅವರು ಯದುವೀರರನ್ನು ದತ್ತು ಪಡೆದರು. ವೈಟ್‌ಫೀಲ್ಡ್ ಮಾತ್ರ ತನಗೆ ನೆಲ ಕೊಟ್ಟ ದತ್ತುಮಗನನ್ನು ಮರೆತಿದೆ. ಹೊಲವಿದ್ದಲ್ಲಿ ಈಗ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು. ಹಳೆಯ ವಸಾಹತಿನ ಗುರುತಾಗಿ ಉಳಿದಿರುವುದು ಇನ್ನರ್ ಸರ್ಕಲ್ ಎಂಬ ಭಾಗ. 2023ರಲ್ಲಿ ಮೆಟ್ರೊ ಇಲ್ಲಿಗೆ ಬಂದದ್ದು, ಕಾಕತಾಳೀಯವಾಗಿ, ಸಂಸ್ಥಾನ ಮರಳಿದ ಮಾರ್ಚ್ 25ರಂದೇ. ನಿಲ್ದಾಣದ ಫಲಕದಲ್ಲಿ ಇರುವುದು ಭೂಮಿ ಪಡೆದವನ ಹೆಸರು. ಕೊಟ್ಟವರ ಹೆಸರು ನೋಡಬೇಕೆಂದರೆ ಚಾಮರಾಜಪೇಟೆಗೆ ಹೋಗಬೇಕು.