ಹಗರಿ ಹೊಳೆಯ ಗತಿಯೂ ದಂಡೆಯ ರಕ್ಷಣೆಯೂ

ಬಳ್ಳಾರಿ, ಸಿರುಗುಪ್ಪ ಸೀಮೆಯವರು ಹಗರಿಯೆಂದು ಕರೆಯುವ ಹೊಳೆಗೆ ಮೇಲಣ ಸೀಮೆಯಲ್ಲಿ ವೇದಾವತಿಯೆಂದು ಹೆಸರು. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬೆರಡು ಹಳ್ಳಗಳು ಕಡೂರಿನ ಬಳಿ ಕೂಡಿ ಈ ಹೊಳೆಯಾಗಿರುತ್ತದೆ. ಗಿರಿಯ ಕಾಡೂ ಹುಲ್ಲೂ ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಕಟ್ಟೆಯು ಆ ನೀರನ್ನು ತಡೆದು ನಿಲ್ಲಿಸುತ್ತದೆ. ಮುಂದೆ ಹೊಳೆಯು ಬಯಲುಸೀಮೆಯನ್ನು ಹಾಯ್ದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಬಳ್ಳಾರಿಯ ಪೂರ್ವಕ್ಕೆ ಹೊಳೆಯ ಪಾತ್ರವು ಅಗಲವಾಗಿ, ಮಳೆಗಾಲ ಕಳೆದ ಮೇಲೆ ಬಹುಮಟ್ಟಿಗೆ ಮರಳಬಯಲಾಗಿ ಕಾಣುತ್ತದೆ. ಆದರೂ ಈ ಮರಳು ನಿರುಪಯೋಗಿಯಲ್ಲ. ಅದರ ಒಡಲಲ್ಲಿ ನಿಂತ ನೀರೇ ದಂಡೆಯ ಬಾವಿಗಳಿಗೆ ಒರತೆ. ಮರಳನ್ನು ಮಿತಿಮೀರಿ ತೋಡಿ ಸಾಗಿಸಿದಲ್ಲಿ ಬಾವಿಯ ನೀರೂ ಇಳಿದುಹೋಗುವುದು.

ಟಿಟ್ಟಿಭ ಹಕ್ಕಿಯು ಇಂಥ ಬರಿಯ ನೆಲದಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ನೆಲದ ಬಣ್ಣವನ್ನೇ ಹೋಲುವುದರಿಂದ ಬಂಡಿ ಹೊಡೆಯುವವರು ನೋಡಿ ನಡೆಯತಕ್ಕದ್ದು. ಹೊಲದ ಹುಳುಗಳನ್ನು ತಿನ್ನುವ ಈ ಹಕ್ಕಿಯು ರೈತನಿಗೆ ಉಪಕಾರಿ.

ಮುಂಗಾರಿನಲ್ಲಿ ಪಡುವಣ ಗಾಳಿಯು ಒಣಮರಳನ್ನು ಎಬ್ಬಿಸಿ ಮೂಡಣ ದಂಡೆಯ ಹೊಲಗಳ ಮೇಲೆ ದಿಬ್ಬವಾಗಿ ಹಾಕುತ್ತದೆ. ಮರಳು ಕವಿದ ಎರೆಭೂಮಿಯನ್ನು ಮರಳಿ ಸಾಗುವಳಿಗೆ ತರುವುದು ಬಹು ಕಷ್ಟ. ಆದುದರಿಂದ ದಂಡೆಯ ಗಿಡಗಂಟೆಗಳನ್ನು ಸೌದೆಗಾಗಿ ಕಡಿಯಲಾಗದು. ಬಯಲಾದ ಕಡೆ ದನಗಳು ಮೇಯದ ಲಕ್ಕಿಯನ್ನು ಮುಂದೆಯೂ, ಹೊಂಗೆ, ಬೇವುಗಳನ್ನು ಅದರ ಹಿಂದೆಯೂ ಸಾಲಾಗಿ ನೆಡತಕ್ಕದ್ದು. ಬಳ್ಳಾರಿ ಜಾಲಿಯು ಮರಳನ್ನು ತಡೆಯುವುದಾದರೂ, ಅದರ ಕಾಯಿ ತಿಂದ ದನಗಳ ಸಗಣಿಯಿಂದ ಬೀಜವು ಹೊಲಗಳಿಗೆ ಹರಡುವುದರಿಂದ ಅದನ್ನು ಹೊಸದಾಗಿ ಹಾಕಬಾರದು.

ಒಬ್ಬನ ಹೊಲದೆದುರು ದಂಡೆ ಬರಿದಾದರೆ ನೆರೆಯವನ ಹೊಲಕ್ಕೂ ಮರಳು ಬರುವುದು. ಗ್ರಾಮದ ಮುಖಂಡರು ಹಿಡುವಳಿದಾರರೆಲ್ಲರನ್ನೂ ಸೇರಿಸಿ ಈ ಕೆಲಸವನ್ನು ಒಟ್ಟಾಗಿ ನಡೆಸುವುದು ಯುಕ್ತ.