ಮಾತ್ರೆ ನಿಲ್ಲಿಸಿದ್ದು ನಾನೇ

ಮೂರನೇ ಸೆಮಿಸ್ಟರ್‌ನ ಇಂಟರ್ನಲ್ಸ್. ಒಂದೇ ಗಂಟೆಯಲ್ಲಿ ಮೂರು ಸಲ ಎದ್ದು ಹೊರಗೆ ಹೋಗಿದ್ದೆ. ಚೀಟಿ ಇಟ್ಟಿದ್ದೇನೆಂದು ಸರ್ ಜೇಬು ತಡಕಿದರು. ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಇಡೀ ಕ್ಲಾಸ್ ಮುಂದೆ ಹೇಗೆ ಹೇಳಲಿ?

ಎರಡು ತಿಂಗಳಿಂದ ಅದನ್ನು ಪೈಲ್ಸ್ ಅಂದುಕೊಂಡು ಮೆಡಿಕಲ್ ಶಾಪ್‌ನ ಮುಲಾಮು ಹಚ್ಚುತ್ತಿದ್ದೆ. ಅಮ್ಮ ಹಾಸ್ಟೆಲ್ ಊಟದ ಖಾರವನ್ನು ಬೈದಳು. ಆರು ಕೆ.ಜಿ. ಇಳಿದ ಮೇಲೆ ಅಪ್ಪ ಕರುಳಿನ ತಜ್ಞರ ಬಳಿ ಕರೆದೊಯ್ದರು. ಅಮೀಬಾ ಸೋಂಕು, ಕರುಳಿನ ಕ್ಷಯ ಕೂಡ ಹೀಗೇ ಕಾಣಿಸಬಹುದಂತೆ. ಅದಕ್ಕೇ ಮಲಪರೀಕ್ಷೆ, ಕೊಲೊನೊಸ್ಕೋಪಿ, ಬಯಾಪ್ಸಿ ಎಲ್ಲವೂ ಆದವು. (ಕೊಲೊನೊಸ್ಕೋಪಿಗಿಂತ ಅದಕ್ಕೂ ಮೊದಲು ಲೀಟರುಗಟ್ಟಲೆ ಕುಡಿಯುವ ಉಪ್ಪುಪ್ಪು ನೀರೇ ಕಷ್ಟ!) ಬಂದ ಹೆಸರು: ಅಲ್ಸರೇಟಿವ್ ಕೊಲೈಟಿಸ್.

ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೊಡ್ಡ ಕರುಳಿನ ಒಳಪದರದ ಮೇಲೆ ತಿರುಗಿಬಿದ್ದು ಹುಣ್ಣು ಮಾಡುವ ಕಾಯಿಲೆ. ಸಾಮಾನ್ಯವಾಗಿ ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಖಾರದಿಂದ ಬಂದದ್ದಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ ಎಂದಾಗ ಅಮ್ಮ ನಿಟ್ಟುಸಿರುಬಿಟ್ಟಳು. ಮೆಸಲಮೈನ್ ಮಾತ್ರೆ ಶುರುವಾಯಿತು. ಕೆಲವೇ ವಾರಗಳಲ್ಲಿ ರಕ್ತ ನಿಂತಿತು.

ನಾನು ಎಡವಿದ್ದು ಅಲ್ಲೇ. ಹುಷಾರಾದೆನಲ್ಲ, ಇನ್ನೇಕೆ ಎಂದು ಮೂರು ತಿಂಗಳಿಗೆ ಮಾತ್ರೆ ಬಿಟ್ಟೆ. ರೂಮಿನಲ್ಲಿ ಯಾರಾದರೂ ನೋಡಿ ಕೇಳಿಯಾರು ಎಂಬ ನಾಚಿಕೆಯೂ ಇತ್ತೆನ್ನಿ. ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಎಲ್ಲವೂ ಮರುಕಳಿಸಿತು, ಮೊದಲಿಗಿಂತ ಜೋರಾಗಿ. ಎರಡು ಪೇಪರ್ ಬರೆಯಲಾಗಲಿಲ್ಲ.

ಡಾಕ್ಟರು ಬೈಯಲಿಲ್ಲ. ‘ನೋಡಪ್ಪಾ, ಮೇಲೆ ಬೂದಿ ಮುಚ್ಚಿದೆ, ಕೆಂಡ ಒಳಗೇ ಇದೆ. ಬಿಪಿ ಮಾತ್ರೆ ಥರ ಇದೂ, ಚೆನ್ನಾಗಿದ್ದಾಗಲೂ ನುಂಗಬೇಕು’ ಎಂದರು. ಈ ಸಲ ಸ್ಟೆರಾಯ್ಡ್ ಕೊಡಬೇಕಾಯಿತು. ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು, ತಟ್ಟನೆ ಬಿಡುವಂತಿಲ್ಲ. ಮುಖ ಊದಿಕೊಂಡಿತು. ‘ಹಾಸ್ಟೆಲ್ ಊಟ ಹಿಡಿಸ್ತಲ್ಲೋ!’ ಎಂದು ಗೆಳೆಯರು ನಕ್ಕರು.

ಹೊರಗೆ ಏನೂ ಕಾಣದಿದ್ದರೂ ಒಳಗಿನ ಉರಿಯೂತವನ್ನು ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಹೇಳುತ್ತದೆ ಎಂದು ತಿಳಿದದ್ದು ಆಗಲೇ. ತಲೆನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೇಳದೆ ನುಂಗಬಾರದು. ಎಂಟು ವರ್ಷ ಕಳೆದ ಮೇಲೆ ಕ್ಯಾನ್ಸರ್ ಭಯವಿಲ್ಲವೇ ಎಂದು ನೋಡಲು ಆಗಾಗ ಕೊಲೊನೊಸ್ಕೋಪಿ ಬೇಕು. ಊಟಕ್ಕೆ ಎಲ್ಲರಿಗೂ ಒಂದೇ ಪಟ್ಟಿಯಿಲ್ಲ. ನನಗೆ ಆಗದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊಸರನ್ನ ಮಾತ್ರ ಈವರೆಗೆ ಕೈಕೊಟ್ಟಿಲ್ಲ.

ಉಳಿದ ಎರಡು ಪೇಪರಿಗೆ ಮೊದಲೇ ಡಾಕ್ಟರ ಪತ್ರ ತೋರಿಸಿದೆ. ಬಾಗಿಲ ಪಕ್ಕದ ಬೆಂಚು ಕೊಟ್ಟರು. ಒಮ್ಮೆಯೂ ಎದ್ದುಹೋಗಲಿಲ್ಲ. ಮಾತ್ರೆ ಡಬ್ಬಿ ಈಗ ಮೇಜಿನ ಮೇಲೇ ಇದೆ. ನಾನು ಮರೆತರೆ ರೂಮ್‌ಮೇಟೇ ಕೇಳುತ್ತಾನೆ, ‘ನುಂಗಿದ್ಯೇನೋ?’